ಊಟ, ನಡಿಗೆ ಬದಲಾಯಿಸಿದರೆ ಶುಗರ್ ನಿಜವಾಗಿ ತಪ್ಪುತ್ತಾ? ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರಾ?

ಗಡಿಯಲ್ಲಿರುವವ
ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ. ಹೋದ ವಾರ ರಕ್ತ ಪರೀಕ್ಷೆ ಮಾಡಿಸಿದೆ. ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ, 6.1 ಬಂತು. "ಶುಗರ್ ಇನ್ನೂ ಒಳಗೆ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ" ಅಂದರು ಡಾಕ್ಟರು. ಮಾತ್ರೆ ಬರೆಯಲಿಲ್ಲ. ಡ್ರಾಯರ್‌ನಿಂದ ಒಂದು ಹಾಳೆ ತೆಗೆದು ಕೊಟ್ಟರು. ಜೆರಾಕ್ಸಿನ ಜೆರಾಕ್ಸು. ಒಂದು ತಟ್ಟೆಯ ಚಿತ್ರ ಇದೆ. ಅರ್ಧ ತಟ್ಟೆಗೆ ಬಾಣ ಹಾಕಿ ತರಕಾರಿ ಅಂತ ಬರೆದಿದ್ದಾರೆ. ಉಳಿದ ಅರ್ಧದಲ್ಲಿ ಏನಿರಬೇಕು ಅನ್ನೋದು ಮಸುಕಾಗಿ ಓದೋಕೇ ಆಗುವುದಿಲ್ಲ. "ಲೈಫ್‌ಸ್ಟೈಲ್ ಬದಲಾಯಿಸಿ, ಮೂರು ತಿಂಗಳು ಬಿಟ್ಟು ಬನ್ನಿ" ಅಂದರು. ಎಲ್ಲ ಸೇರಿ ನಾಲ್ಕು ನಿಮಿಷ.

ಮನೆಗೆ ಬಂದು ಯೋಚಿಸಿದೆ. ಈ ಮಾತನ್ನು ಎಲ್ಲರೂ ಹೇಳುತ್ತಾರೆ. ಆದರೆ ಮಾತ್ರೆಯನ್ನು ಪರೀಕ್ಷೆ ಮಾಡುವ ಹಾಗೆ ಇದನ್ನೂ ಸರಿಯಾಗಿ ಪರೀಕ್ಷೆ ಮಾಡಿದ್ದಾರಾ? ಇಲ್ಲಾ ಸುಮ್ನೆ ಬಾಯಿಪಾಠವಾ? ತಿಳಿದವರು ಹೇಳಿ. ದಯವಿಟ್ಟು ಯಾವುದೋ ಎಲೆಯ ರಸ ಕುಡಿಯಿರಿ ಅನ್ನಬೇಡಿ, ಆಗಲೇ ಆರು ಜನ ಹೇಳಿದ್ದಾರೆ.

ಸುಮ್ನೆಬಂದೆ
ಏಳನೆಯವನು ನಾನಾಗಬೇಕು ಅಂತಿದ್ದೆ. ಬಾಯಿ ಮುಚ್ಚಿಕೊಂಡೆ.

ಅಂಕಿಸಂಖ್ಯೆ
ಮಾಡಿದ್ದಾರೆ ಸರ್, ಚೆನ್ನಾಗೇ ಮಾಡಿದ್ದಾರೆ. ದೊಡ್ಡದು ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ, ಎಲ್ಲರೂ ಡಿಪಿಪಿ ಅನ್ನುತ್ತಾರೆ. 2002ರಲ್ಲಿ ಫಲಿತಾಂಶ ಬಂತು. ನಿಮ್ಮ ಹಾಗೆ ಗಡಿಯಲ್ಲಿದ್ದ 3,234 ಜನರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದಕ್ಕೆ ಸುಳ್ಳು ಮಾತ್ರೆ (ಒಳಗೆ ಔಷಧಿ ಇಲ್ಲದ್ದು), ಒಂದಕ್ಕೆ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ, ಇನ್ನೊಂದಕ್ಕೆ ಊಟ ಮತ್ತು ವ್ಯಾಯಾಮ. ಗುರಿ ಎರಡೇ: ತೂಕದಲ್ಲಿ ನೂರಕ್ಕೆ 7 ಭಾಗ ಇಳಿಸಬೇಕು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕು. ಸುಮಾರು ಮೂರು ವರ್ಷ ನೋಡಿದರು. ಊಟ-ವ್ಯಾಯಾಮದ ಗುಂಪಿನಲ್ಲಿ ಶುಗರ್ ಬರುವುದು ಶೇ. 58 ಕಮ್ಮಿ ಆಯಿತು. ಮೆಟ್‌ಫಾರ್ಮಿನ್ ಗುಂಪಿನಲ್ಲಿ ಶೇ. 31. 60 ದಾಟಿದವರಲ್ಲಂತೂ ಶೇ. 71.

ಇದಕ್ಕೂ ಒಂದು ವರ್ಷ ಮೊದಲು ಫಿನ್ಲೆಂಡ್‌ನಲ್ಲಿ 522 ಜನರ ಮೇಲೆ ಬೇರೆಯೇ ತಂಡ ಇದನ್ನೇ ಮಾಡಿತ್ತು. ಅಲ್ಲೂ ಶೇ. 58! ಬೇರೆ ದೇಶ, ಬೇರೆ ಜನ, ಅದೇ ಸಂಖ್ಯೆ. ಬಾಯಿಪಾಠ ಖಂಡಿತ ಅಲ್ಲ.

ಎರಡನೇಪಾಳಿ
ಶೇ. 58 ಅಂದರೆ ನೂರು ಜನರಲ್ಲಿ 58 ಜನ ಬಚಾವ್ ಆದರು ಅಂತಾನಾ?

ಅಂಕಿಸಂಖ್ಯೆ
ಅಲ್ಲ ಅಲ್ಲ. ಪೇಪರಿನವರು ಎಡವುವುದು ಇಲ್ಲೇ. ಡಿಪಿಪಿಯಲ್ಲಿ ಮೂರು ವರ್ಷದಲ್ಲಿ ಸುಳ್ಳು ಮಾತ್ರೆ ತಿಂದ ನೂರರಲ್ಲಿ ಸುಮಾರು 29 ಜನಕ್ಕೆ ಶುಗರ್ ಬಂತು. ಮೆಟ್‌ಫಾರ್ಮಿನ್ ತಿಂದವರಲ್ಲಿ 22. ಊಟ-ವ್ಯಾಯಾಮದವರಲ್ಲಿ 14. ಅಂದರೆ ನೂರರಲ್ಲಿ 15 ಜನಕ್ಕೆ ಲಾಭ. ಏಳು ಜನ ಮೂರು ವರ್ಷ ಕಷ್ಟಪಟ್ಟರೆ ಒಬ್ಬರಿಗೆ ತಪ್ಪುತ್ತದೆ. ಆ ಒಬ್ಬರು ಯಾರು ಅಂತ ಹೇಳೋಕೆ ಬರುವುದಿಲ್ಲ.

ಹಳೇಪೇಷಂಟ್
ಹಾಗಾದರೆ ಆರು ಜನ ದಂಡಕ್ಕೆ ನಡೆದರು ಅನ್ನಿ. ನಮ್ಮ ತಾತ ಸಿಕ್ಕಿದ್ದೆಲ್ಲ ತಿಂದು, ಬೀಡಿ ಸೇದಿ, 91 ವರ್ಷ ಬದುಕಿದರು. ಒಂದು ದಿನ ವಾಕಿಂಗ್ ಹೋದವರಲ್ಲ. ಎಲ್ಲ ಹಣೆಬರಹ.

ಅಂಕಿಸಂಖ್ಯೆ
ನಿಮ್ಮ ತಾತ ಗಟ್ಟಿ ಜೀವ. ಅವರ ಜೊತೆ ಬೀಡಿ ಸೇದಿದವರೆಲ್ಲ ಎಷ್ಟು ವರ್ಷ ಬದುಕಿದರು ಅಂತಲೂ ಹೇಳಿ, ಆಮೇಲೆ ಲೆಕ್ಕ ಹಾಕೋಣ.

ಹಳೇಪೇಷಂಟ್
ಅದು ನನಗೇನು ಗೊತ್ತು? ನಾನು ಹುಟ್ಟೋ ಹೊತ್ತಿಗೆ ಅವರ್ಯಾರೂ ಇರಲಿಲ್ಲ.

ಸುಮ್ನೆಬಂದೆ
😂 ಉತ್ತರ ಸಿಕ್ಕಿತಲ್ಲ ಅಣ್ಣಾ.

ಡಯಟಿಷಿಯನ್_ಒಬ್ಬಳು
ನಾನು ಈ ಕೆಲಸದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಅಂಕಿಸಂಖ್ಯೆಯವರು ಹೇಳಿದ್ದು ಸರಿ, ಆದರೆ ಮುಖ್ಯವಾದದ್ದನ್ನೇ ಬಿಟ್ಟಿದ್ದಾರೆ. ಡಿಪಿಪಿಯಲ್ಲಿ ಪರೀಕ್ಷೆಗೆ ಇಟ್ಟಿದ್ದು "ತರಕಾರಿ ತಿನ್ನಿ" ಅನ್ನುವ ಸಲಹೆಯನ್ನಲ್ಲ. ಸಲಹೆಯ ಹಾಳೆ ಸುಳ್ಳು ಮಾತ್ರೆಯ ಗುಂಪಿಗೂ ಸಿಕ್ಕಿತ್ತು! ವರ್ಷಕ್ಕೊಂದು ಸಲ ಅರ್ಧ ಗಂಟೆ ಕೂರಿಸಿ ಮಾತೂ ಆಡಿದ್ದರು. ಆದರೂ 29 ಜನಕ್ಕೆ ಬಂತಲ್ಲ.

ಊಟ-ವ್ಯಾಯಾಮದ ಗುಂಪಿಗೆ ಸಿಕ್ಕಿದ್ದು ಒಬ್ಬ ಮನುಷ್ಯ. ಮೊದಲ 24 ವಾರದಲ್ಲಿ 16 ಪಾಠ, ಒಬ್ಬೊಬ್ಬರಿಗೂ ಎದುರು ಕೂತು. ತಿಂದದ್ದು ಬರೆಯೋದು ಹೇಗೆ, ಮದುವೆ ಮನೆಯಲ್ಲಿ ಏನು ಮಾಡೋದು, ಒಂದು ವಾರ ತಪ್ಪಿದರೆ ಮತ್ತೆ ಹೇಗೆ ಹಿಡಿಯೋದು, ಎಲ್ಲ. ಆಮೇಲೂ ತಿಂಗಳಿಗೊಮ್ಮೆ ಭೇಟಿ ಅಥವಾ ಫೋನು.  ಇಷ್ಟೆಲ್ಲ ಮಾಡಿಯೂ 7 ಭಾಗ ತೂಕದ ಗುರಿ ಮುಟ್ಟಿದವರು 24 ವಾರದ ಹೊತ್ತಿಗೆ ಅರ್ಧ ಜನ. ಕೊನೆಯ ಭೇಟಿಯಲ್ಲಿ ಶೇ. 38.

ಈಗ ನಿಮ್ಮ ನಾಲ್ಕು ನಿಮಿಷ ಮತ್ತು ಜೆರಾಕ್ಸ್ ನೆನಪು ಮಾಡಿಕೊಳ್ಳಿ. ಆಸ್ಪತ್ರೆಗಳಲ್ಲಿ ಕೊಡುತ್ತಿರುವುದು ಸುಳ್ಳು ಮಾತ್ರೆಯ ಗುಂಪಿನ ಚಿಕಿತ್ಸೆ. ಹೇಳಿಕೊಳ್ಳುವುದು ಮಾತ್ರ ಇನ್ನೊಂದು ಗುಂಪಿನ ಶೇ. 58. ನನಗೆ ಸಿಟ್ಟು ಬರುವುದು ಇದಕ್ಕೇ. ಮೂರು ತಿಂಗಳು ಬಿಟ್ಟು ಬಂದವರಿಗೆ "ನಿಮಗೆ ಮನಸ್ಸು ಗಟ್ಟಿ ಇಲ್ಲ" ಅಂತ ಬೈಗುಳ ಬೇರೆ.

ಗಡಿಯಲ್ಲಿರುವವ
ಮೇಡಂ, ಇದು ನನಗೆ ಹೊಳೆದೇ ಇರಲಿಲ್ಲ. ಹಾಳೆ ಇನ್ನೂ ಫ್ರಿಜ್ ಮೇಲೆ ಅಂಟಿದೆ. ಐದು ದಿನದಿಂದ ಅದನ್ನು ನೋಡಿಕೊಂಡೇ ಬಾಗಿಲು ತೆಗೆದು ಸಿಹಿ ತಿಂದಿದ್ದೇನೆ.

ಎರಡನೇಪಾಳಿ
ನಾನು ಸೆಕ್ಯೂರಿಟಿ ಕೆಲಸದವನು. ರಾತ್ರಿ ಎಂಟರಿಂದ ಬೆಳಗ್ಗೆ ಎಂಟು. ಬೆಳಗ್ಗೆ ಮಲಗೋದಾ, ವಾಕಿಂಗ್ ಹೋಗೋದಾ? ಗೇಟಿನ ಹತ್ತಿರ ರಾತ್ರಿ ಎರಡು ಗಂಟೆಗೆ ಸಿಗೋದು ಬಿಸ್ಕತ್ತು ಮತ್ತೆ ಸಕ್ಕರೆ ಜಾಸ್ತಿ ಹಾಕಿದ ಟೀ. ಈ ಸಂಶೋಧನೆಯವರಿಗೆ ನಮ್ಮಂಥವರು ಕಾಣುವುದೇ ಇಲ್ಲ.

ಮೇಷ್ಟ್ರು_ನಿವೃತ್ತ
ಎರಡನೇಪಾಳಿಯವರೇ, ನೀವು ಹೇಳಿದ್ದನ್ನೇ ಜೆಫ್ರಿ ರೋಸ್ ಅನ್ನುವ ಬ್ರಿಟಿಷ್ ವೈದ್ಯರು 1980ರ ದಶಕದಲ್ಲಿ ಬೇರೆ ರೀತಿಯಲ್ಲಿ ಹೇಳಿದ್ದರು. ಅಪಾಯ ಜಾಸ್ತಿ ಇರುವ ಕೆಲವರನ್ನು ಹಿಡಿದು ಬುದ್ಧಿ ಹೇಳಿದರೆ ಸಾಲದು, ಇಡೀ ಜನಸಮೂಹದ ಸುತ್ತಮುತ್ತ ಬದಲಾಗಬೇಕು ಅಂತ. ಫಿನ್ಲೆಂಡ್‌ನ ಉತ್ತರ ಕರೇಲಿಯಾದಲ್ಲಿ 1972ರಿಂದ ಅದನ್ನು ಮಾಡಿ ನೋಡಿದರು. ಪೆಕ್ಕಾ ಪುಸ್ಕಾ ಅನ್ನುವ ಯುವ ವೈದ್ಯರು ಮುಂದಾಳು. ಅಲ್ಲಿನ ಗಂಡಸರು ನಲವತ್ತು-ಐವತ್ತಕ್ಕೇ ಹೃದಯಾಘಾತದಲ್ಲಿ ಸಾಯುತ್ತಿದ್ದರು. ಡೈರಿಯವರು, ಶಾಲೆಗಳು, ಸಾಸೇಜ್ ಮಾಡುವವರು, ಹೆಂಗಸರ ಸಂಘಗಳು, ಎಲ್ಲರನ್ನೂ ಜೊತೆಗೆ ಕರೆದುಕೊಂಡರು. ಕೊಬ್ಬು, ಉಪ್ಪು, ಸಿಗರೇಟು ಎಲ್ಲದಕ್ಕೂ ಕೈ ಹಾಕಿದರು. ನಲವತ್ತು ವರ್ಷದಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದಯದ ಸಾವು ಶೇ. 80ಕ್ಕೂ ಹೆಚ್ಚು ಇಳಿಯಿತು.

ಅಂಕಿಸಂಖ್ಯೆ
ಮೇಷ್ಟ್ರೇ, ಒಂದು ತಕರಾರು. ಫಿನ್ಲೆಂಡ್‌ನ ಬೇರೆ ಕಡೆಯೂ ಅದೇ ಕಾಲದಲ್ಲಿ ಸಾವು ಇಳಿಯಿತು. ಎಷ್ಟು ಯೋಜನೆಯಿಂದ, ಎಷ್ಟು ತಾನಾಗಿ ಅನ್ನೋದು ಬಿಡಿಸೋಕೆ ಕಷ್ಟ. ಇಲ್ಲಿ ಚೀಟಿ ಎತ್ತಿ ಗುಂಪು ಮಾಡಿರಲಿಲ್ಲವಲ್ಲ.

ಮೇಷ್ಟ್ರು_ನಿವೃತ್ತ
ಒಪ್ಪಿದೆ. ಇಡೀ ಜಿಲ್ಲೆಗೆ ಚೀಟಿ ಎತ್ತೋಕಾಗುತ್ತಾ ಅಂತ ಕೇಳೋಣ ಅನ್ನಿಸಿತು, ಬಿಟ್ಟೆ.

ಶಕ್ತಿಪುಡಿ_ಮಾರಾಟ
ಎಲ್ಲ ಕಾಯಿಲೆಗೂ ಒಂದೇ ಪುಡಿ!!! 30 ದಿನದಲ್ಲಿ ಶುಗರ್ ಮಾಯ!!! ಇನ್‌ಬಾಕ್ಸ್‌ಗೆ ಬನ್ನಿ!!!

ನಿರ್ವಾಹಕ
ಮೇಲಿನವರನ್ನು ಹೊರಗೆ ಕಳಿಸಿದ್ದೇನೆ. ಪೋಸ್ಟ್ ಮಾತ್ರ ಬೇಕಂತಲೇ ಬಿಟ್ಟಿದ್ದೇನೆ, ಹೀಗಿರುತ್ತೆ ಅಂತ ಗೊತ್ತಾಗಲಿ.

ಅರ್ಧಚಮಚ
ಪುಡಿ ಅಂದಾಗ ನೆನಪಾಯಿತು. ವಿಟಮಿನ್ ಮಾತ್ರೆ ತಿಂದರೆ ಕ್ಯಾನ್ಸರ್ ತಡೆಯಬಹುದು ಅಂತ ಒಂದು ಕಾಲದಲ್ಲಿ ಗಟ್ಟಿಯಾಗಿ ನಂಬಿದ್ದರು. ತರಕಾರಿ ಜಾಸ್ತಿ ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ. ಅವರ ರಕ್ತದಲ್ಲಿ ಬೀಟಾ ಕ್ಯಾರೋಟಿನ್ ಜಾಸ್ತಿ. ಸರಿ, ಅದನ್ನೇ ಮಾತ್ರೆ ಮಾಡಿ ಕೊಡೋಣ ಅಂದರು. ಫಿನ್ಲೆಂಡ್‌ನಲ್ಲೇ 29,133 ಸಿಗರೇಟು ಸೇದುವ ಗಂಡಸರ ಮೇಲೆ ಪರೀಕ್ಷೆ. 1994ರಲ್ಲಿ ಉತ್ತರ ಬಂತು. ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18 ಜಾಸ್ತಿ! ತರಕಾರಿಯನ್ನು ಮಾತ್ರೆ ಮಾಡೋಕೆ ಹೋಗಿ ಆದದ್ದು ಇದು.

ನಿದ್ದೆಗೆಟ್ಟವಳು
ಅದಕ್ಕೇ ನಾನು ಯಾವ ಸಂಶೋಧನೆಯನ್ನೂ ನಂಬುವುದಿಲ್ಲ. ಇವತ್ತು ಮೊಟ್ಟೆ ವಿಷ, ನಾಳೆ ಅಮೃತ. ಆ ಆಲಿವ್ ಎಣ್ಣೆಯ ಸ್ಟಡಿಯನ್ನೇ ವಾಪಸ್ ತಗೊಂಡರಲ್ಲ?

ಅಂಕಿಸಂಖ್ಯೆ
ಅಕ್ಕ, ಅದು ಪ್ರೆಡಿಮೆಡ್. ಸ್ಪೇನ್, 7,447 ಜನ, 2013. ಆಲಿವ್ ಎಣ್ಣೆಯ ಊಟ ಮಾಡಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಎಲ್ಲ ಸೇರಿ ಸುಮಾರು ಶೇ. 30 ಕಮ್ಮಿ ಅಂದಿದ್ದರು. ಆಮೇಲೆ ಇಂಗ್ಲೆಂಡಿನ ಅರಿವಳಿಕೆ ವೈದ್ಯ ಜಾನ್ ಕಾರ್ಲೈಲ್ ಸಾವಿರಾರು ಸಂಶೋಧನೆಗಳ ಅಂಕಿಗಳನ್ನು ಜಾಲಾಡುತ್ತಾ ಹೋದಾಗ ಇದೂ ಸಿಕ್ಕಿಬಿತ್ತು. ಗುಂಪುಗಳು ಚೀಟಿ ಎತ್ತಿದ ಹಾಗೆ ಕಾಣುತ್ತಿಲ್ಲ ಅಂದರು. ಹುಡುಕಿದರೆ ಒಂದೇ ಮನೆಯವರನ್ನು ಒಂದೇ ಗುಂಪಿಗೆ ಹಾಕಿದ್ದರು. ಒಂದು ಕಡೆಯಂತೂ ಇಡೀ ಕ್ಲಿನಿಕ್ಕಿಗೆ ಒಂದೇ ಊಟ. 2018ರಲ್ಲಿ ಹಿಂದಕ್ಕೆ ಪಡೆದರು. ಲೆಕ್ಕ ಮತ್ತೆ ಹಾಕಿ ಅದೇ ದಿನ ಮತ್ತೆ ಪ್ರಕಟಿಸಿದರು. ಫಲಿತಾಂಶ ಹೆಚ್ಚು ಕಡಿಮೆ ಅದೇ, ಆದರೆ ಮಾತಿನ ಜೋರು ಕಮ್ಮಿ ಆಯಿತು.

ನೀವು ಇದರಿಂದ ನಂಬಿಕೆ ಹೋಯಿತು ಅನ್ನುತ್ತೀರಿ. ನನಗೆ ಉಲ್ಟಾ. ಪುಡಿ ಮಾರುವವನು ಯಾವತ್ತಾದರೂ ತಪ್ಪಾಯಿತು ಅಂತ ವಾಪಸ್ ತಗೊಂಡಿದ್ದಾನಾ?

ನಿದ್ದೆಗೆಟ್ಟವಳು
ಇದಕ್ಕೆ ಉತ್ತರ ಇಲ್ಲ. ಆದರೂ ಮೊಟ್ಟೆ ವಿಚಾರ ಇನ್ನೂ ಬಗೆಹರಿದಿಲ್ಲ.

ಮೆಟ್ಟಿಲುಪ್ರಿಯ
ನಡಿಗೆ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಲಂಡನ್ ಬಸ್ಸಿನ ಕತೆ ನನಗೆ ಬಹಳ ಇಷ್ಟ. 1953ರಲ್ಲಿ ಜೆರ್ರಿ ಮಾರಿಸ್ ಅನ್ನುವವರು ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್ ಮತ್ತು ಕಂಡಕ್ಟರ್‌ಗಳನ್ನು ಹೋಲಿಸಿದರು. ಡ್ರೈವರ್ ದಿನವಿಡೀ ಕೂತಿರುತ್ತಾನೆ. ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಮ್ಮಿ. ಅವತ್ತಿನಿಂದ ನಾನು ಲಿಫ್ಟ್ ಮುಟ್ಟಿಲ್ಲ.

ಅಂಕಿಸಂಖ್ಯೆ
ಕತೆಯ ಎರಡನೇ ಭಾಗ ಇನ್ನೂ ಚೆನ್ನಾಗಿದೆ. ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ. ಬಸ್ ಕಂಪನಿ ಕೊಟ್ಟ ಯೂನಿಫಾರ್ಮಿನ ಅಳತೆ ಪಟ್ಟಿ ತರಿಸಿಕೊಂಡರು. ನೋಡಿದರೆ ಡ್ರೈವರ್‌ಗಳ ಪ್ಯಾಂಟಿನ ಸೊಂಟ ದೊಡ್ಡದು, ಅದೂ ಚಿಕ್ಕ ವಯಸ್ಸಿನಿಂದಲೇ. ಅಂದರೆ ದಪ್ಪ ಇದ್ದವರೇ ಡ್ರೈವರ್ ಆದರಾ ಅಥವಾ ಕೂತು ದಪ್ಪ ಆದರಾ? ತಮ್ಮ ಫಲಿತಾಂಶದ ಮೇಲೆ ತಾವೇ ಅನುಮಾನ ಪಟ್ಟು 1956ರಲ್ಲಿ ಬರೆದರು. ಇಂಥ ಅನುಮಾನ ಬಿಡಿಸೋಕೇ ಡಿಪಿಪಿ ಥರ ಚೀಟಿ ಎತ್ತಬೇಕಾಗುವುದು.

ಮೆಟ್ಟಿಲುಪ್ರಿಯ
ನನ್ನ ಮಂಡಿ ಕೇಳುತ್ತಿದೆ, ಇದನ್ನು ಹತ್ತು ವರ್ಷ ಮೊದಲೇ ಹೇಳಬಾರದಿತ್ತಾ ಅಂತ.

ಎರಡನೇಪಾಳಿ
10,000 ಹೆಜ್ಜೆ ಆಗಲೇಬೇಕಾ? ಗೇಟಿನ ಸುತ್ತ ರೌಂಡ್ ಹಾಕಿದರೆ ನನಗೆ 6,000 ಆಗುತ್ತದೆ.

ಡಯಟಿಷಿಯನ್_ಒಬ್ಬಳು
ಆಗಲೇಬೇಕು ಅಂತೇನಿಲ್ಲ. ಆ ಸಂಖ್ಯೆ ಹುಟ್ಟಿದ್ದು 1965ರಲ್ಲಿ ಜಪಾನಿನ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. 'ಹತ್ತು ಸಾವಿರ ಹೆಜ್ಜೆಯ ಮೀಟರ್' ಅಂತ ಅದರ ಅರ್ಥ. ವಯಸ್ಸಾದ ಹೆಂಗಸರ ಮೇಲಿನ 2019ರ ಒಂದು ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆ ಹಾಕುವವರಲ್ಲೇ ಸಾವು 2,700 ಹಾಕುವವರಿಗಿಂತ ಎಷ್ಟೋ ಕಮ್ಮಿ ಇತ್ತು. ಸುಮಾರು 7,500 ಆದಮೇಲೆ ಲಾಭ ಏರಲಿಲ್ಲ. ನಿಮ್ಮ ರೌಂಡ್ ಸಣ್ಣದಲ್ಲ. ಟೀ ಸಕ್ಕರೆ ಮಾತ್ರ ನೋಡಿಕೊಳ್ಳಿ.

ಎರಡನೇಪಾಳಿ
ಸರಿ ಮೇಡಂ. ಅರ್ಧ ಮಾಡುತ್ತೇನೆ. ಪೂರ್ತಿ ಬಿಡು ಅಂದರೆ ಜಗಳ ಆಗುತ್ತದೆ.

ಉಪ್ಪುಖಾರ
ಶುಗರ್ ಒಂದೇನಾ, ಬಿಪಿಯವರ ಗತಿ? ನನ್ನ ಪ್ರಯೋಗ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಮ್ಮಿ ಉಪ್ಪು ಅನ್ನುತ್ತದೆ. ನಾವು ಕಮ್ಮಿಯೇ ತಿನ್ನೋದು ಅಂತ ಮನೆಯಲ್ಲಿ ಎಲ್ಲರ ವಾದ. ಒಂದು ಕೆ.ಜಿ. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆದೆ. ಯಾರಿಗೂ ಹೇಳಲಿಲ್ಲ. ನಾಲ್ಕು ಜನ ಇರುವ ಮನೆ. 21ನೇ ದಿನ ಖಾಲಿ. ಲೆಕ್ಕ ಹಾಕಿದರೆ ಒಬ್ಬರಿಗೆ ದಿನಕ್ಕೆ ಸುಮಾರು 12 ಗ್ರಾಂ. ಪ್ಯಾಕೆಟ್ ತಂದು ಊಟದ ಮೇಜಿನ ಮೇಲೆ ಇಟ್ಟೆ. ಯಾರೂ ಮಾತಾಡಲಿಲ್ಲ.

ಅರ್ಧಚಮಚ
ತರಕಾರಿ ಬೇಯಿಸಿದ ನೀರು ಚೆಲ್ಲಿದಾಗ ಉಪ್ಪೂ ಹೋಗುತ್ತದೆ, ಅದನ್ನು ಕಳೆಯಬೇಕು. ಹೊರಗೆ ತಿಂದದ್ದು, ಚಿಪ್ಸು, ಬ್ರೆಡ್ಡು ಸೇರಿಸಬೇಕು.

ಉಪ್ಪುಖಾರ
ಸೇರಿಸಿದರೆ ನಾನು ಮನೆಯಲ್ಲಿ ಇರೋಕಾಗುವುದಿಲ್ಲ.

ಡಯಟಿಷಿಯನ್_ಒಬ್ಬಳು
ಈ ಪ್ಯಾಕೆಟ್ ಉಪಾಯ ನಾನು ಕದಿಯುತ್ತೇನೆ. ಉಪ್ಪಿನ ಬಗ್ಗೆ ಪುರಾವೆ ಗಟ್ಟಿ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ಮಾಡಿದ ಪರೀಕ್ಷೆ 2021ರಲ್ಲಿ ಬಂತು. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪು. ಉಳಿದವಕ್ಕೆ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು. ಸುಮಾರು ಐದು ವರ್ಷದಲ್ಲಿ ಪಾರ್ಶ್ವವಾಯು ಶೇ. 14 ಕಮ್ಮಿ. ಅಡುಗೆ ಬದಲಾಗಲಿಲ್ಲ, ಡಬ್ಬದೊಳಗಿನ ಉಪ್ಪು ಬದಲಾಯಿತು, ಅಷ್ಟೇ. ಆದರೆ ಕಿಡ್ನಿ ತೊಂದರೆ ಇರುವವರು, ಪೊಟ್ಯಾಸಿಯಂ ಏರಿಸುವ ಕೆಲವು ಬಿಪಿ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ. ಅಪಾಯ.

ಹಳೇಪೇಷಂಟ್
ನನಗೆ ಶುಗರ್ ಬಂದು ಒಂಬತ್ತು ವರ್ಷ. ಇಲ್ಲಿ ಎಲ್ಲ ಬರುವುದಕ್ಕೆ ಮೊದಲಿನ ಮಾತೇ. ನಮಗೇನಿದೆ? ನನಗೂ ಇದೇ ಥರ ಹಾಳೆ ಕೊಟ್ಟಿದ್ದರು. ಮಡಚಿ ಪರ್ಸಿನಲ್ಲಿ ಇಟ್ಟೆ. ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಯಿತು. ಹಣೆಬರಹ ಅಂದೆನಲ್ಲ, ಅದು ಸುಮ್ನೆ ಅಂದದ್ದಲ್ಲ.

ಡಯಟಿಷಿಯನ್_ಒಬ್ಬಳು
ಅಣ್ಣಾ, ಇದನ್ನು ಮೊದಲೇ ಹೇಳಬೇಕಿತ್ತು. ನಿಮಗೆ ಎರಡು ಪರೀಕ್ಷೆಗಳ ವಿಷಯ ಹೇಳುತ್ತೇನೆ. ಮೊದಲನೆಯದು ಬೇಸರದ್ದು. ಲುಕ್ ಅಹೆಡ್ ಅಂತ, ಶುಗರ್ ಇರುವ 5,145 ಜನ. ಊಟ, ವ್ಯಾಯಾಮ ಚೆನ್ನಾಗಿ ಮಾಡಿಸಿದರು. ತೂಕ ಇಳಿಯಿತು, ಆದರೆ ಹೃದಯಾಘಾತ, ಪಾರ್ಶ್ವವಾಯು ಕಮ್ಮಿ ಆಗಲಿಲ್ಲ. 2012ರಲ್ಲಿ ನಿಲ್ಲಿಸಿದರು. ಅದನ್ನು ಮುಚ್ಚಿಡುವುದು ಸರಿಯಲ್ಲ. ಹಾಗಂತ ದಂಡವೂ ಅಲ್ಲ. ಅವರಿಗೆ ಔಷಧಿ ಕಮ್ಮಿ ಬೇಕಾಯಿತು, ನಿದ್ದೆಯಲ್ಲಿ ಉಸಿರು ಕಟ್ಟುವುದು ಕಮ್ಮಿ ಆಯಿತು, ಓಡಾಟ ಸಲೀಸಾಯಿತು.

ಎರಡನೆಯದು ಬ್ರಿಟನ್ನಿನ ಡೈರೆಕ್ಟ್, 2017. ಕೆಲವು ತಿಂಗಳು ದಿನಕ್ಕೆ 850 ಕ್ಯಾಲೊರಿ ಆಸುಪಾಸಿನ ದ್ರವ ಆಹಾರ, ಆಮೇಲೆ ನಿಧಾನವಾಗಿ ಊಟ. ವರ್ಷದ ಕೊನೆಗೆ ಶೇ. 46 ಜನಕ್ಕೆ ಮಾತ್ರೆ ಇಲ್ಲದೆ ಸಕ್ಕರೆ ಹತೋಟಿಗೆ ಬಂತು. ಎರಡನೇ ವರ್ಷ ಶೇ. 36. ತೂಕ ವಾಪಸ್ ಬಂದವರಿಗೆ ಸಕ್ಕರೆಯೂ ವಾಪಸ್. ಮತ್ತೆ ಅದಕ್ಕೆ ಸೇರಿಸಿಕೊಂಡಿದ್ದು ಶುಗರ್ ಬಂದು ಆರು ವರ್ಷದೊಳಗಿನವರನ್ನು ಮಾತ್ರ. ನಿಮ್ಮದು ಒಂಬತ್ತು. ಮನೆಯಲ್ಲಿ ಒಬ್ಬರೇ ಮಾಡೋಕೆ ಹೋಗಲೇಬೇಡಿ, ಮಾತ್ರೆ ನುಂಗುತ್ತಾ ಊಟ ಅಷ್ಟು ಇಳಿಸಿದರೆ ಸಕ್ಕರೆ ಕುಸಿಯಬಹುದು.

ಹಳೇಪೇಷಂಟ್
ಸರಿಯಮ್ಮ. ನೇರವಾಗಿ ಹೇಳಿದಿರಿ. ಉಸಿರು ಕಟ್ಟೋ ತೊಂದರೆ ನನಗೂ ಇದೆ. ಡಾಕ್ಟರ ಹತ್ತಿರ ಮಾತಾಡುತ್ತೇನೆ.

ನಿದ್ದೆಗೆಟ್ಟವಳು
ಎಲ್ಲ ಸರಿ, ಒಂದು ಪ್ರಶ್ನೆ. ಇಷ್ಟೆಲ್ಲ ಮೂರು ವರ್ಷ, ಐದು ವರ್ಷದ ಮಾತು. ಆಮೇಲೆ? ಎಲ್ಲ ಬಿಟ್ಟುಬಿಡುತ್ತಾರೆ, ಅಲ್ವಾ?

ಅಂಕಿಸಂಖ್ಯೆ
ಚೀನಾದ ದಾಚಿಂಗ್ ಊರಿನ ಅಧ್ಯಯನ ಅದಕ್ಕೇ ಅಪರೂಪ. 1986ರಲ್ಲಿ ಶುರು, 577 ಜನ, ಆರು ವರ್ಷ ಊಟ-ವ್ಯಾಯಾಮ ಹೇಳಿಕೊಟ್ಟು ನಿಲ್ಲಿಸಿದರು. ಆದರೆ ಜನರನ್ನು ನೋಡುತ್ತಲೇ ಇದ್ದರು. 30 ವರ್ಷದ ಲೆಕ್ಕ 2019ರಲ್ಲಿ ಬಂತು. ಶುಗರ್ ಸರಾಸರಿ ನಾಲ್ಕು ವರ್ಷ ತಡವಾಗಿ ಬಂದಿತ್ತು. ಹೃದಯ, ಪಾರ್ಶ್ವವಾಯು ತೊಂದರೆ ಶೇ. 26 ಕಮ್ಮಿ. ಆಯಸ್ಸು ಸುಮಾರು ಒಂದೂವರೆ ವರ್ಷ ಜಾಸ್ತಿ.

ನಿದ್ದೆಗೆಟ್ಟವಳು
ಮೂವತ್ತು ವರ್ಷಕ್ಕೆ ಒಂದೂವರೆ ವರ್ಷಾನಾ? ಇಷ್ಟೇನಾ?

ಮೇಷ್ಟ್ರು_ನಿವೃತ್ತ
ನನಗೆ 73. ಆ ಒಂದೂವರೆ ವರ್ಷ ಬೇಡ ಅನ್ನುವವರು ಇದ್ದರೆ ನನ್ನ ಹೆಸರಿಗೆ ಬರೆದುಕೊಡಿ.

ಗಡಿಯಲ್ಲಿರುವವ
ಐದು ವಾರ ಆಯಿತು, ವರದಿ ಒಪ್ಪಿಸುತ್ತೇನೆ. ಡಯಟಿಷಿಯನ್ ಮೇಡಂ ಹೇಳಿದ್ದು ತಲೆಯಲ್ಲಿ ಕೂತಿತ್ತು. ಹಾಳೆ ಅಲ್ಲ, ಮನುಷ್ಯ ಬೇಕು ಅಂತ. ಕೋಚ್ ಇಟ್ಟುಕೊಳ್ಳುವಷ್ಟು ಅನುಕೂಲ ಇಲ್ಲ. ಆಫೀಸಿನಲ್ಲಿ ಪಕ್ಕದ ಸೀಟಿನವರಿಗೂ ಗಡಿಯಲ್ಲೇ ಸಕ್ಕರೆ. ಇಬ್ಬರೂ ಒಪ್ಪಂದ ಮಾಡಿಕೊಂಡೆವು. ಭಾನುವಾರ ಬೆಳಗ್ಗೆ ಏಳಕ್ಕೆ ತೂಕದ ಯಂತ್ರದ ಫೋಟೋ ಕಳಿಸಬೇಕು, ಕಾಲಿನ ಬೆರಳು ಸಮೇತ, ಮೋಸ ಮಾಡದ ಹಾಗೆ. ಸಂಜೆ ಐದೂವರೆಗೆ ಇಬ್ಬರೂ ಎದ್ದು ಅರ್ಧ ಗಂಟೆ ನಡೆಯುತ್ತೇವೆ. ಒಬ್ಬರು ನೆಪ ಹೇಳಿದರೆ ಇನ್ನೊಬ್ಬರು ಅವರ ಮೇಜಿನ ಹತ್ತಿರ ಸುಮ್ನೆ ನಿಂತುಕೊಳ್ಳಬೇಕು. ಮಾತಾಡುವ ಹಾಗಿಲ್ಲ. ಇದು ಬೈಯುವುದಕ್ಕಿಂತ ಜಾಸ್ತಿ ಕೆಲಸ ಮಾಡುತ್ತಿದೆ.

ನನ್ನ ತೂಕ 81 ಇತ್ತು. ಹೋದ ಭಾನುವಾರ 78.4.

ಡಯಟಿಷಿಯನ್_ಒಬ್ಬಳು
ಭೇಷ್! 7 ಭಾಗ ಅಂದರೆ ನಿಮಗೆ ಸುಮಾರು ಐದೂಮುಕ್ಕಾಲು ಕೆ.ಜಿ. ಹತ್ತಿರ ಹತ್ತಿರ ಅರ್ಧ ದಾರಿ. ಯಾವುದಾದರೂ ಒಂದು ವಾರ ತೂಕ ಏರುತ್ತದೆ, ಆಗ ಫೋಟೋ ಕಳಿಸದೆ ಇರಬೇಡಿ. ಬಿಟ್ಟುಹೋಗುವುದು ಅಲ್ಲಿಂದಲೇ ಶುರು.

ಅಂಕಿಸಂಖ್ಯೆ
ಯಂತ್ರ ಎಲ್ಲಿ ಇಟ್ಟಿದ್ದೀರಿ ಸರ್? ಫೋಟೋ ತೆಗೆದರೆ ಹಿಂದೆ ಏನು ಕಾಣುತ್ತದೆ?

ಗಡಿಯಲ್ಲಿರುವವ
ಕಾಲೊರೆಸುವ ಮ್ಯಾಟ್ ಮೇಲೆ. ಯಾಕೆ?

ಅಂಕಿಸಂಖ್ಯೆ
ಮೆತ್ತನೆ ಜಾಗದಲ್ಲಿ ಇಟ್ಟರೆ ತಪ್ಪು ತೋರಿಸುತ್ತದೆ. ಗಟ್ಟಿ ನೆಲದ ಮೇಲೆ ಇಟ್ಟು ನೋಡಿ.

ಗಡಿಯಲ್ಲಿರುವವ
79.6. ಪಕ್ಕದ ಸೀಟಿನವರಿಗೆ ಹೇಳಲಾ ಬೇಡವಾ ಅಂತ ಯೋಚಿಸುತ್ತಿದ್ದೇನೆ.

ಸುಮ್ನೆಬಂದೆ
ಕಾಲಿನ ಬೆರಳು ಸಮೇತ ಹೇಳಿ ಸರ್.